ನಾನು ಹೊಡೆದುಹಾಕಿಸಿದ ಏಳನೇ ಸಾಲು

ಹೆಣ್ಣುಮಗಳು ಕರೆಂಟಿನ ಓದು ಓದಿ ಇಂಜಿನಿಯರ್ ಆಗುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ. ಆದೆ. ಆದರೆ ಅಷ್ಟು ಕಷ್ಟಪಟ್ಟು ಪಡೆದ ಪದವಿಯನ್ನು ನಾನು ಮೊಟ್ಟಮೊದಲು ಬಳಸಿದ್ದು ಒಂದು ಸುಳ್ಳು ಹೇಳುವುದಕ್ಕೆ. ಹೇಳಿಸಿದ್ದು ಹೊಟ್ಟೆಕಿಚ್ಚು — ಅದೇ ದೊಡ್ಡಪ್ಪನ ಮಗ ಮಂಜಣ್ಣನ ಮೇಲಿನದು. ಒಂಬತ್ತು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ನಮ್ಮದು ಇಟ್ಟಮಡು. ಹೊಲ ಹೋಗಿ ಬಡಾವಣೆ ಬಂದ ಮೇಲೆ ಅಪ್ಪ ಹಸು ಕಟ್ಟಿ ಬನಶಂಕರಿಯ ಮನೆಮನೆಗೆ ಹಾಲು ಹಾಕಿದರು. ನಮ್ಮ ವಂಶದಲ್ಲಿ ಪದವಿ ಕಂಡವಳು ನಾನೇ ಮೊದಲು. ಗಣಿತದಲ್ಲಿ ಎರಡು ಸಲ ಫೇಲಾದೆ. ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮೂರನೇ ಸಲ ದಾಟಿದೆ. ಮಂಜಣ್ಣ ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಟೆಸ್ಟರ್ ಹಿಡಿದು ವೈರಿಂಗ್ ಕೆಲಸ ಕಲಿತ. ಹೀಗಿದ್ದೂ ನೆಂಟರ ಮನೆಯಲ್ಲಿ ಫ್ಯಾನು ನಿಂತರೆ, ಮೋಟಾರು ಸುಟ್ಟರೆ ಫೋನು ಹೋಗುತ್ತಿದ್ದುದು ಅವನಿಗೆ. ನಾನು ಎದುರಿಗೇ ಕೂತಿರುತ್ತಿದ್ದೆ — "ಮಂಜನ್ನ ಕರೀರಿ" ಅನ್ನುತ್ತಿದ್ದರು. ಅದು ನನ್ನನ್ನು ಎಷ್ಟು ಸುಡುತ್ತಿತ್ತೆಂದರೆ — ಬರೆಯಲು ನಾಚಿಕೆಯಾಗುತ್ತದೆ.

ಸೋದರತ್ತೆ ಜಯಮ್ಮ ಮನೆ ಕಟ್ಟಿಸಿದಾಗ ವೈರಿಂಗ್ ಅವನದೇ. ಅತ್ತೆಗೆ ಗಂಡನಿಲ್ಲ; ಮದುವೆ ಬ್ಲೌಸಿಗೆ ಕಸೂತಿ ಹಾಕುವ ಕಂಪ್ಯೂಟರ್ ಮಿಷನ್ನೇ ಅವರ ಅನ್ನ. ಮಂಜಣ್ಣ ಹಿತ್ತಲಲ್ಲಿ ಅರ್ತಿಂಗಿಗೆಂದು ಆಳುದ್ದದ ಗುಂಡಿ ತೋಡಿ, ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುತ್ತಿದ್ದ.

"ಏನೋ ಮಂಜ, ಉಪ್ಪಿನಕಾಯಿ ಹಾಕ್ತಿದೀಯಾ?" ಎಂದರು ಅತ್ತೆ.

"ಹೂಂ ಅತ್ತೆ. ಬೇಸಿಗೇಲಿ ಒಂದೊಂದ್ ಬಿಂದಿಗೆ ನೀರು ಹಾಕ್ತಾ ಇರು, ಕೆಡಲ್ಲ."

ಊಟಕ್ಕೆ ಕೂತಾಗ ಅವನು ಮೇನ್ ಬೋರ್ಡಿನ ಸಾಮಾನು ಪಟ್ಟಿ ತೆಗೆದ. ಯಾರದೋ ಹಳೆಯ ಮದುವೆ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು. ಏಳನೇ ಸಾಲಿನಲ್ಲಿ ಸರ್ಜ್ ಪ್ರೊಟೆಕ್ಟರ್ ಎಂದಿತ್ತು. ಅದೇನೆಂದು ಅತ್ತೆ ಕೇಳಿದರು.

"ಸಿಡಿಲು ನಿನ್ ಮನೆ ಮೇಲೇ ಬೀಳ್ಬೇಕು ಅಂತೇನಿಲ್ಲ ಅತ್ತೆ. ಎಲ್ಲೋ ಕಂಬದ ಹತ್ರ ಬಿದ್ರೂ ವೈರ್ ಹಿಡ್ಕೊಂಡು ಒಳಕ್ ಬರ್ತದೆ. ಇದು ಬಾಗ್ಲಲ್ಲೇ ಹಿಡ್ದು ಆ ಗುಂಡಿಗೆ ಕಳಿಸ್ತದೆ. ನಿನ್ ಮಿಷನ್ ಉಳೀತದೆ."

ಇದನ್ನೇ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಅವನು ಅನ್ನ ಕಲಸುತ್ತ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಆಗ ಅತ್ತೆ ಅವನನ್ನು ನೋಡಿದ ನೋಟ — ನನ್ನ ರಿಸಲ್ಟು ಬಂದ ದಿನವೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

ಮಂಜಣ್ಣ ನನ್ನ ಕಡೆ ತಿರುಗಿದ. "ಅಲ್ವೇನಮ್ಮ, ಇಂಜಿನಿಯರಮ್ಮ? ನೀನೇ ಹೇಳು."

ಅದರಲ್ಲಿ ಕೊಂಕಿರಲಿಲ್ಲ. ತಂಗಿ ಓದಿದ್ದಾಳೆಂಬ ಹೆಮ್ಮೆಯಿಂದಲೇ ಕೇಳಿದ್ದ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ —

"ಎಂಸಿಬಿ ಇದ್ಯಲ್ಲ, ಕರೆಂಟು ಹೆಚ್ಚಾದ್ರೆ ತಾನೇ ಬೀಳೋ ಸ್ವಿಚ್ಚು, ಅದೇ ಸಾಕು. ಇದೆಲ್ಲ ಅಂಗಡಿಯವ್ರು ತಲೆಗೆ ಕಟ್ಟೋದು. ನಾವ್ ಓದಿರೋ ಪ್ರಕಾರ ಮನೆಗಳಿಗೆ ಇದು ಬೇಕೇ ಇಲ್ಲ."

ಸುಳ್ಳು. ಎಂಸಿಬಿ ಬೀಳುವಷ್ಟರಲ್ಲಿ ಸಿಡಿಲಿನ ಹೊಡೆತ ಒಳಗೆ ನುಗ್ಗಿ ತನ್ನ ಕೆಲಸ ಮುಗಿಸಿರುತ್ತದೆ — ಆ ನಾಲ್ಕು ಪುಟಗಳಲ್ಲಿ ನಾನೇ ಬರೆದದ್ದು.

ಅವನು ಒಂದು ಕ್ಷಣ ಕಾರ್ಡನ್ನೇ ನೋಡಿದ. "ಓದಿರೋಳು ನೀನು. ಸರಿ ಬಿಡು" ಎಂದು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಆ ಸಾಲನ್ನು ಹೊಡೆದುಹಾಕಿದ. ಅತ್ತೆ ಸಾರು ಬಡಿಸಲು ಅವತ್ತು ಮೊದಲು ನನ್ನ ತಟ್ಟೆಗೆ ಬಂದರು. ಆ ಸಾರು ರುಚಿಯಾಗಿತ್ತು — ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮರುವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ಗುಡುಗು ಶುರುವಾದಾಗ ಅತ್ತೆ ಮಿಷನ್ನಿನಲ್ಲಿ ಮದುಮಗಳ ಬ್ಲೌಸು ಹಾಕಿದ್ದರು. ಪ್ಲಗ್ಗು ಕೀಳಲು ಎದ್ದರಂತೆ, ಅಷ್ಟರಲ್ಲಿ ಬೀದಿಯ ತುದಿಯಲ್ಲೆಲ್ಲೋ ಸಿಡಿಲು ಬಿತ್ತು. ಫ್ರಿಜ್ಜು, ಟಿವಿ, ಎಲ್ಲಕ್ಕಿಂತ ಮುಖ್ಯವಾಗಿ ಆ ಮಿಷನ್ನು ಸುಟ್ಟುಹೋದವು — ಮಿಷನ್ನಿನ ಒಳಗಿನ ಬೋರ್ಡು ಕಪ್ಪಾಗಿಹೋಗಿತ್ತು. ಅತ್ತೆಗೆ ಏನೂ ಆಗಲಿಲ್ಲ. ಆದರೆ ಒಪ್ಪಿಕೊಂಡಿದ್ದ ಮದುವೆ ಕೆಲಸಗಳೆಲ್ಲ ಕೈಬಿಟ್ಟು ಹೋದವು. ಕಸೂತಿ ಹಾಕುತ್ತಿದ್ದವರು ಸೀರೆಗೆ ಫಾಲ್ಸ್ ಹೊಲಿಯಲು ಕೂತರು.

ದೊಡ್ಡಪ್ಪ ಎಲ್ಲರ ಎದುರಿಗೇ ಮಗನನ್ನು ಬೈದರು: "ಹತ್ತನೇ ಕ್ಲಾಸು ದಾಟದೋನ ಕೈಗೆ ಮನೆ ಕೊಟ್ರೆ ಇನ್ನೇನಾಗ್ತದೆ!"

ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಮಂಜಣ್ಣನಾದರೂ ನನ್ನ ಹೆಸರು ಹೇಳಬಹುದಿತ್ತು — ಹೇಳಲಿಲ್ಲ. ಓದಿದವಳು ಬೇಡವೆಂದದ್ದು ಬೇಡದ್ದೇ ಇರಬೇಕೆಂದು ಅತ್ತೆಯೂ ನಂಬಿದ್ದರು. ಮರುದಿನ ಬೆಳಿಗ್ಗೆ ಗುದ್ದಲಿ ತಂದು ಆ ಅರ್ತಿಂಗ್ ಗುಂಡಿಯನ್ನು ಪೂರ್ತಿ ಅಗೆದ. ತಪ್ಪು ತನ್ನ ಗುಂಡಿಯಲ್ಲೇ ಇರಬೇಕೆಂದು ಹುಡುಕುತ್ತಿದ್ದ. ತಾನು ಕೈಯಾರೆ ಕಲಿತದ್ದಕ್ಕಿಂತ ನನ್ನ ಓದನ್ನೇ ನಂಬಿದ್ದ. ಮಣ್ಣು ಹಿಡಿದು ಮೂಸುವುದನ್ನು, ತಂತಿಯ ಜೋಡಣೆಯನ್ನು ಉಜ್ಜಿ ಉಜ್ಜಿ ನೋಡುವುದನ್ನು ನಾನು ಅತ್ತೆಯ ಮನೆಯ ಮಹಡಿಯ ಮೇಲಿಂದ ನೋಡಿದೆ. ಇಳಿದು ಹೋಗಲಿಲ್ಲ.

ಬೀದಿಯವರು ಅವನಿಗೆ 'ಸಿಡಿಲು ಮಂಜ' ಎಂದು ಹೆಸರಿಟ್ಟರು. ಇಟ್ಟಮಡುವಿನಲ್ಲಿ ಆಮೇಲೆ ಯಾರೂ ಅವನಿಗೆ ಹೊಸ ಮನೆಯ ವೈರಿಂಗ್ ಕೊಡಲಿಲ್ಲ. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಗೀಸರು, ಟ್ಯೂಬ್‌ಲೈಟು ರಿಪೇರಿ ಮಾಡಿಕೊಂಡು ಉಳಿದ. ನೆಂಟರೆಲ್ಲ ಅವನನ್ನು ಬಿಟ್ಟು ನನಗೆ ಫೋನು ಮಾಡತೊಡಗಿದರು. ನನಗೆ ಬೇಕಾದದ್ದು ಸಿಕ್ಕಿತ್ತು.

ಈಗ ನಾನು ಜೆ.ಪಿ. ನಗರದ ಒಂದು ತರಬೇತಿ ಕೇಂದ್ರದಲ್ಲಿ ವೈರಿಂಗ್ ಕೆಲಸದವರಿಗೆ ಪಾಠ ಹೇಳುತ್ತೇನೆ. ಈಚೆಗೆ ಅಪಾರ್ಟ್‌ಮೆಂಟಿನವರು ಕೆಲಸ ಕಲಿತದ್ದಕ್ಕೆ ಕಾಗದ ಕೇಳುತ್ತಾರೆಂದು ಮಂಜಣ್ಣನೂ ಬಂದು ಸೇರಿದ. ಸಿಡಿಲಿನಿಂದ ಮನೆಯ ಸಾಮಾನು ಕಾಪಾಡುವ ಪಾಠದ ದಿನ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ, ಹೊಸದೇನೋ ಎಂಬಂತೆ ಎಲ್ಲವನ್ನೂ ಬರೆದುಕೊಂಡ. ಕೊನೆಗೆ ಕೈ ಎತ್ತಿದ.

"ಮೇಡಂ, ಅರ್ತಿಂಗ್ ಸರ್ಯಾಗಿದ್ದು, ಸರ್ಜ್ ಪ್ರೊಟೆಕ್ಟರ್ ಒಂದು ಇಲ್ದಿದ್ರೆ?"

ಇಡೀ ತರಗತಿಯಲ್ಲಿ ಯಾರೂ ಕೇಳದ ಸರಿಯಾದ ಪ್ರಶ್ನೆ. ಆ ಕ್ಷಣದಲ್ಲೂ ನನ್ನೊಳಗೆ ಅದೇ ಹಳೆಯ ಕಿಚ್ಚು ಮಿಣುಕಿತು — ಇದನ್ನೂ ಮುಚ್ಚಿಡುವುದಿಲ್ಲ.

"ಸಾಮಾನು ಉಳಿಯುತ್ತೆ ಅನ್ನೋ ಭರವಸೆ ಇಲ್ಲ" ಎಂದೆ.

"ಗುಂಡಿ ತಪ್ಪಲ್ಲ ಹಂಗಾದ್ರೆ" ಎಂದ. ಕೂತ. ನನ್ನನ್ನು ನೋಡಲಿಲ್ಲ.

ಈ ಭಾನುವಾರ ಇಟ್ಟಮಡುವಿಗೆ ಹೋಗಿ, ದೊಡ್ಡಪ್ಪ, ಅತ್ತೆ ಇಬ್ಬರನ್ನೂ ಕೂರಿಸಿ, ಮಂಜಣ್ಣನ ಎದುರಿಗೇ ಇದಿಷ್ಟನ್ನೂ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವನ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು ಅವರಿಗೆ ಗೊತ್ತಾಗಬೇಕು, ನನ್ನ ಬಾಯಿಂದಲೇ ಗೊತ್ತಾಗಬೇಕು. ಕಳೆದ ವಾರವೇ ಹೇಳಬೇಕಿತ್ತು. ಪ್ರಮಾಣಪತ್ರ ಕೊಡುವ ದಿನ ಅತ್ತೆಯೂ ಬಂದಿದ್ದರು. ಮಂಜಣ್ಣ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈ ಚಾಚಿದ, ನಾನು ಕೊಟ್ಟೆ. ಅತ್ತೆ ಹತ್ತಿರ ಬಂದು ನನ್ನ ಗಲ್ಲ ಸವರಿ, ಅವನಿಗೆ ಕೇಳುವಂತೆಯೇ ಹೇಳಿದರು:

"ಅಂತೂ ನಮ್ ಮಂಜಂಗೆ ಸರ್ಯಾಗಿ ಕೆಲ್ಸ ಕಲಿಸ್ದೆ ಕಣವ್ವ. ಇನ್ಮೇಲಾದ್ರೂ ಇವ್ನು ಯಾರ ಮನೇನೂ ಹಾಳ್ ಮಾಡಲ್ಲ."