ಗುಳ್ಳೆಯಲ್ಲಿ ಹಿಡಿಸದ ಮಾತು

ನಮ್ಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಗುಳ್ಳೆ ಅಕ್ಕ ಎನ್ನುತ್ತೇವೆ. ಮಾಂಗಾ ಎಂಬ ಜಪಾನಿನ ಚಿತ್ರಕಥೆಗಳು ಕನ್ನಡಕ್ಕೆ ಬಂದಾಗ, ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳಲ್ಲಿ ಮಾತು ತುಂಬಿಸುವುದು ಅವಳ ಕೆಲಸ. ಅದರಲ್ಲಿ ಕಾಗುಣಿತದ ತಪ್ಪು ಹುಡುಕುವುದು ನನ್ನ ಕೆಲಸ, ಹಾಗಾಗಿ ನಾನು ಎಲ್ಲರಿಗೂ ಮೇಷ್ಟ್ರು. ಈ ವಯಸ್ಸಿನಲ್ಲಿ ಅಪ್ಪ ಮಂಗನ ಪುಸ್ತಕ ತಿದ್ದುತ್ತಾರೆ ಎಂದು ನನ್ನ ಮಗಳು ನಗುತ್ತಾಳೆ.

ಈಚೆಗೆ ಬರುವ ಕಥೆಗಳೆಲ್ಲ ಒಂದೇ ಅಚ್ಚಿನವು. ಒಬ್ಬ ಲಫಂಗ. ಹೆಂಡತಿಗೆ ಮೋಸ ಮಾಡಿ, ಗೆಳೆಯರ ಕತ್ತು ಕೊಯ್ದು, ಕೊನೆಗೆ ಬೀದಿಹೆಣವಾಗುತ್ತಾನೆ. ಸತ್ತವನು ಮತ್ತೆ ಕಣ್ಣು ಬಿಟ್ಟರೆ ತನ್ನ ಹರೆಯಕ್ಕೇ ಮರಳಿದ್ದಾನೆ, ಮೀಸೆ ಈಗಷ್ಟೇ ಚಿಗುರಿದೆ. ಇನ್ನೊಂದು ಅವಕಾಶ ಸಿಕ್ಕಿತಲ್ಲ, ತಿದ್ದಿಕೊಳ್ಳುತ್ತಾನೆ ಅಂದುಕೊಂಡರೆ ನೀವು ಪೆದ್ದರು. ಹಿಂದಿನ ಸಲ ಎಲ್ಲಿ ಸಿಕ್ಕಿಬಿದ್ದೆ ಎಂದು ಅವನಿಗೆ ಗೊತ್ತು. ಈ ಸಲ ಸಿಕ್ಕಿಬೀಳದ ಹಾಗೆ ಅದೇ ಕೆಲಸ ಮಾಡುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು. ಇವರ ಮುಖ ನೋಡಿ ನೋಡಿ ನನಗೆ ಸಾಕಾಗಿದೆ.

ಅಕ್ಕನಿಗೆ ಮಾತ್ರ ಅವರ ಮೇಲೆ ಕನಿಕರ. ಕಾರಣ ನನಗೆ ಗೊತ್ತಿತ್ತು. ಅವಳ ಮಗಳು ಇನ್ನೂ ಹಾಲು ಕುಡಿಯುವಾಗಲೇ ಇನ್ನೊಬ್ಬಳ ಹಿಂದೆ ಹೋಗಿದ್ದ ಗಂಡ, ಆ ಮಗಳು ಶಾಲೆ ಮುಗಿಸುವ ಹೊತ್ತಿಗೆ, ಮತ್ತೆ ಬರುತ್ತೇನೆ ಎಂದು ಹೇಳಿಕಳಿಸಿದ್ದ. ಒಬ್ಬಳೇ ಸಂಸಾರ ಎಳೆದು ಎಳೆದು ಅಕ್ಕ ಸೋತುಹೋಗಿದ್ದಳು. ಮನೆಯಲ್ಲಿ ಇನ್ನೊಂದು ಜೀವ ಇದ್ದರೆ ಸಾಕು ಎನ್ನುತ್ತಿದ್ದಳು. ಅವನ ಬಟ್ಟೆಗೆಂದು ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಯೂ ಇಟ್ಟಿದ್ದಳು.

ಒಂದು ದಿನ ನಮ್ಮ ಕೈಗೆ ಬಂದ ಕಥೆಯ ಕೊನೆಗೆ ಲಫಂಗ ಹೆಂಡತಿಯ ಮುಂದೆ ಮಂಡಿಯೂರುತ್ತಾನೆ. ಗುಳ್ಳೆ ತೀರಾ ಚಿಕ್ಕದು. ಅನುವಾದಕರು ‘ತಪ್ಪಾಯ್ತು’ ಎಂದು ಕೊಟ್ಟಿದ್ದರು. ಅಕ್ಕ ಅಕ್ಷರ ಕಿರಿದು ಮಾಡಿ ‘ನಾನು ತಪ್ಪು ಮಾಡಿದೆ’ ಎಂದು ತುರುಕಿದ್ದಳು.

“ಇರುವೆ ಸಾಲಿದ್ದ ಹಾಗಿದೆ. ಯಾರು ಓದ್ತಾರೆ?” ಎಂದೆ.

“ಮಂಡಿ ಊರಿದಾನಲ್ಲ ಮೇಷ್ಟ್ರೇ. ಬಾಯ್ತುಂಬ ಒಪ್ಕೊಳ್ಳಲಿ ಬಿಡಿ.”

ಮಧ್ಯಾಹ್ನ ಅವಳ ಗಂಡ ಬಂದ. ಇಸ್ತ್ರಿ ಮಾಡಿದ ಅಂಗಿ, ಕಣ್ಣಲ್ಲಿ ನೀರು. ನಮ್ಮದು ಒಂದೇ ಕೋಣೆಯ ಕಚೇರಿ, ಕೇಳದೆ ವಿಧಿಯಿರಲಿಲ್ಲ.

“ಆಗಿದ್ದು ಆಗ್ಹೋಯ್ತು ಕಣೆ. ತಪ್ಪಾಯ್ತು. ಮೊದಲಿಂದ ಶುರು ಮಾಡೋಣ.”

“ಹೇಗಾಯ್ತು?” ಎಂದಳು ಅಕ್ಕ.

“ಹೇಗೋ ಆಯ್ತು. ಟೈಮು ಸರಿ ಇರ್ಲಿಲ್ಲ.”

“ಮಗೂಗೆ ಜ್ವರ ಇದ್ದಾಗ ಮನೆ ಬಿಟ್ಟಿದ್ದು?”

“ಅದೂ ಹಾಗೇ ಆಗ್ಹೋಯ್ತು.”

“ತಾನಾಗೇ ಆಗೋಕೆ ಅದೇನು ನೆಗಡಿನಾ? ಮಾಡಿದ್ದು ಯಾರು, ಅದನ್ನ ಹೇಳಿ.”

ಬೇಡಿಕೊಳ್ಳುವ ದನಿಯಲ್ಲೇ ಕೇಳಿದಳು. ಪಾಪಿ, ‘ನಾನೇ ಮಾಡಿದೆ’ ಅಂತ ಒಂದು ಮಾತು ಅಂದುಬಿಡಲಿ ಎಂದು ನಾನೂ ಕಾದೆ.

“ತಪ್ಪಾಯ್ತು ಅಂದ್ನಲ್ಲ,” ಎಂದು ಅವನು ರೇಗಿದ. “ಇನ್ನೇನು ಹೇಳ್ಬೇಕು?”

“ಏನೂ ಬೇಡ. ಹೋಗಿ.”

ಕೊರಿಯರಿನವನಿಗೂ ‘ಹೋಗಿ ಬನ್ನಿ’ ಎನ್ನುವವಳು ಅವಳು. ಅವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ‘ಬನ್ನಿ’ ಬರಲಿಲ್ಲ.

ಮೆಟ್ಟಿಲಿಳಿದ ಸದ್ದು ಅಡಗಿದ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಆ ಪುಟ ತೆರೆದಳು. ತಾನು ತುರುಕಿದ್ದನ್ನು ಅಳಿಸಿ ‘ತಪ್ಪಾಯ್ತು’ ಎಂದು ಹಾಕಿದಳು. ಅಕ್ಷರಗಳು ದಪ್ಪಗೆ, ಆರಾಮವಾಗಿ ಕೂತವು.

“ಇವನಿಗೆ ಇದೇ ಸರಿ,” ಎಂದಳು. “ಒಂದ್ಸಲ ನೋಡ್ಬಿಡಿ ಮೇಷ್ಟ್ರೇ.”

ನೋಡಿದೆ. ತಿದ್ದುವುದೇನೂ ಇರಲಿಲ್ಲ.