ಲೈಬ್ರರಿ ಅಕ್ಕನ ಕಂಪ್ಯೂಟರ್

ನಮ್ಮ ಲೈಬ್ರರಿ ಅಕ್ಕನಿಗೆ ಕಂಪ್ಯೂಟರ್ ಕೂಡ ಮನುಷ್ಯನೇ. ಅದು ನಿಂತುಬಿಟ್ಟರೆ "ಏನಪ್ಪಾ, ಮುನಿಸಾ?" ಎಂದು ಮೆಲ್ಲಗೆ ವಿಚಾರಿಸುತ್ತಾಳೆ, ಮೌಸನ್ನು ಬಿಸಿ ಪಾತ್ರೆಯಂತೆ ಬೆರಳ ತುದಿಯಲ್ಲಿ ಹಿಡಿಯುತ್ತಾಳೆ, ತಪ್ಪು ಗುಂಡಿ ಒತ್ತಿದರೆ ನಾಲಿಗೆ ಕಚ್ಚಿಕೊಂಡು ಪರದೆಯ ಕ್ಷಮೆ ಕೇಳುತ್ತಾಳೆ. "ಈ ವಯಸ್ಸಲ್ಲಿ ಯಾಕಕ್ಕಾ ಈ ಪಾಡು?" ಎಂದರೆ ಕೈಯಾಡಿಸಿ ಮತ್ತೆ ಮೌಸಿಗೆ ಬೆರಳು ಚಾಚುತ್ತಾಳೆ. ಕಣ್ಣು ಕಾಣದ ಮೇಷ್ಟ್ರೊಬ್ಬರಿಗೆ ಅವಳು ದಿನಾ ಮಧ್ಯಾಹ್ನ ಕಥೆ ಓದಿ ಹೇಳುತ್ತಿದ್ದಳು. ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಪಿಸುಮಾತಿಗೆ ಇಳಿಯಿತು. ಅದಕ್ಕೇ ಪುಟಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಿಂದ ಓದಿಸುವುದನ್ನು ಪಟ್ಟು ಹಿಡಿದು ಕಲಿತಳು. ಮೊದಲ ದಿನ ಕೇಳಿಸಿಕೊಂಡ ಮೇಷ್ಟ್ರು, "ಓದೋದೇನೋ ಚೆನ್ನಾಗೇ ಓದುತ್ತೆ ತಾಯಿ, ಆದ್ರೆ ನಗೋ ಜಾಗದಲ್ಲಿ ನಗೋದೇ ಇಲ್ಲ" ಎಂದರು. ಅಂದಿನಿಂದ ಕಂಪ್ಯೂಟರ್ ಓದುತ್ತದೆ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅಕ್ಕ ನಗುತ್ತಾಳೆ, ಮೇಷ್ಟ್ರಿಗೆ ಮಾತ್ರ ಕೇಳುವಷ್ಟು.