ಬೆಳ್ಳಿ ರೂಪಾಯಿಯ ಸದ್ದು

ನನ್ನ ಎಡಗಿವಿ ಮಂದವಾಗಿದೆ. ತಿಲಕ್ ನಗರದ ಕಿವಿ ಡಾಕ್ಟರು ನಿನ್ನೆ ಪರೀಕ್ಷೆ ಮಾಡಿ ಹೇಳಿದರು. ಪರೀಕ್ಷೆಯ ಹೆಡ್‌ಫೋನಿನಲ್ಲಿ ಸಣ್ಣಗೆ ಎಳೆದ ಸದ್ದೊಂದು ಕೇಳಿದಾಗ ಜಯನಗರದ ನಮ್ಮ ಬಾಡಿಗೆ ಮನೆ ನೆನಪಾಯಿತು. ಪಕ್ಕದ ಬಿಟಿಎಂ ಬಡಾವಣೆ ಇನ್ನೂ ಹೊಲವಾಗಿದ್ದ ಕಾಲ ಅದು.

ಅಪ್ಪ ಹಳೆಯ ನಾಣ್ಯ ಕೂಡಿಡುತ್ತಿದ್ದರು. ವಾರವೆಲ್ಲ ಆಫೀಸು, ಮನೆಗೆ ಬಂದರೆ ಪೇಪರು. ಭಾನುವಾರ ತಿಂಡಿಯಾದ ಮೇಲೆ ಬಿಸ್ಕತ್ತಿನ ಡಬ್ಬಿ ತೆರೆದರೆ ಊಟದವರೆಗೂ ನಾಣ್ಯಗಳ ಜೊತೆಗೇ.

"ವಾರವಾರಾ ನೋಡಿದ್ರೆ ಅವೇನು ಮರಿ ಹಾಕ್ತಾವಾ?" ಎಂದು ಅಮ್ಮ ಕೆಣಕುತ್ತಿದ್ದಳು.

ಹೊಸದಾಗಿ ಕೊಂಡ ಬೆಳ್ಳಿ ರೂಪಾಯಿಯನ್ನು ಅಪ್ಪ ಕಿಟಕಿಯ ಕಡಪಾ ಕಲ್ಲಿನ ಮೇಲೆ ಬೀಳಿಸುತ್ತಿದ್ದರು. ಸದ್ದು ಎಳೆದುಕೊಂಡು ಹೋದರೆ ಬೆಳ್ಳಿ, ತಟ್ಟನೆ ನಿಂತರೆ ನಕಲಿ. ಅವರಿಗೆ ಕಿವಿ ಮಂದ, ಹಾಗಾಗಿ ಕೇಳಿ ಹೇಳಲು ನನ್ನನ್ನು ಕರೆಯುತ್ತಿದ್ದರು. ನಾನು ಬೇಕೆಂದೇ, "ಇನ್ನೊಂದ್ಸಲ ಹಾಕಿ ಅಪ್ಪಾ," ಎನ್ನುತ್ತಿದ್ದೆ.

"ನಿಂಗೂ ನನ್ ಕಿವೀನೇ ಬಂತೇನೇ ಪುಟ್ಟೀ!" ಎಂದು ನಗುತ್ತಿದ್ದರು. ಅವರು ನನ್ನೊಡನೆ ನಗುತ್ತಿದ್ದುದು ಆಗ ಮಾತ್ರ.

ಒಂದು ಭಾನುವಾರ, "ಬೆಳ್ಳೀನೇ ಅಪ್ಪಾ," ಎಂದೆ. "ಆಂ?" ಎಂದರು. ಮತ್ತೆ ಕೂಗಿ ಹೇಳಿದೆ. "ಸರಿ ಸರಿ," ಎಂದು ತಲೆಯಾಡಿಸಿ, ಆ ನಾಣ್ಯವನ್ನು ನಕಲಿಗಳ ಪೊಟ್ಟಣಕ್ಕೆ ಹಾಕಿದರು. ನನ್ನ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. ನನಗದು ತಿಳಿಯಿತೆಂದು ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು.

ಆಮೇಲೆ ಅವರು ನನ್ನನ್ನು ಕರೆಯಲಿಲ್ಲ. ಡಬ್ಬಿ ತೆರೆಯುವುದು ಒಂದು ಭಾನುವಾರವೂ ತಪ್ಪಲಿಲ್ಲ. ಕಲ್ಲಿಗೆ ಬೀಳಿಸುವುದನ್ನು ಬಿಟ್ಟು ಒಬ್ಬರೇ ಕೂತು ನೋಡುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂರುತ್ತಿದ್ದೆ.

ಶ್ರವಣಯಂತ್ರ ಹಾಕಿಸಿಕೊಳ್ಳಲು ಡಾಕ್ಟರು ಸೋಮವಾರ ಹನ್ನೊಂದಕ್ಕೆ ಬರಹೇಳಿದ್ದಾರೆ.